ಒಂದು ದಿ, ಎರಡು ಗೀಟು

ಮೊನ್ನೆ ಅರ್ಥಕೋಶದಲ್ಲಿ ‘ಸ್ಖಾಲಿತ್ಯ’ ಎಂಬ ಪದವನ್ನು ಹುಡುಕುತ್ತಿದ್ದೆ. ಯಾವುದೋ ಸಂಘದವರು ತಮ್ಮ ಸ್ಮರಣ ಸಂಚಿಕೆಯ ಕೊನೆಯಲ್ಲಿ ‘ಮುದ್ರಣ ಸ್ಖಾಲಿತ್ಯಗಳಿದ್ದಲ್ಲಿ ಕ್ಷಮಿಸಿ’ ಎಂದು ಹಾಕಲು ಹೇಳಿದ್ದರು. ಕ್ಷಮೆ ಕೇಳುವ ವಾಕ್ಯದಲ್ಲೇ ತಪ್ಪು ನುಸುಳಿದರೆ ಚೆನ್ನಾಗಿರುವುದಿಲ್ಲವಲ್ಲ ಎಂದು ಒತ್ತಕ್ಷರ ಸರಿಯಾಗಿದೆಯೇ ನೋಡಲು ಹೊರಟೆ. ಪುಟ ಮಗುಚುವಾಗ ಒಂದು ಹಾಳೆ ಜಾರಿ ನೆಲಕ್ಕೆ ಬಿತ್ತು.

ಎರಡು ವರ್ಷದ ಹಿಂದಿನ ಲಗ್ನಪತ್ರಿಕೆಯೊಂದರ ಪ್ರೂಫು ಅದು. ಕೆಳಗೆ ಹಸಿರು ಇಂಕಿನಲ್ಲಿ ‘ಓಕೆ’ ಎಂದು ಬರೆದು, ಉದ್ದಕ್ಕೆ ಬಾಲ ಎಳೆದು ಸಹಿ ಹಾಕಿದ್ದಾರೆ. ಐದನೆಯ ಸಾಲಿನಲ್ಲಿ ‘ದಿ|| ರುದ್ರಪ್ಪನವರ ಮೊಮ್ಮಗಳು’ ಎಂದಿದೆ. ನೋಡಿ ಒಬ್ಬಳೇ ನಕ್ಕೆ. ಅಡುಗೆಮನೆಯಿಂದ ಅತ್ತೆ ಕೇಳಿದರು, “ಏನೇ ಅದು, ಅಷ್ಟೊಂದು ನಗು?”

“ಒಬ್ರನ್ನ ಸಾಯಿಸಿದ್ನಲ್ಲ ಅತ್ತೆ, ಅದರ ಸಾಕ್ಷಿ ಸಿಕ್ತು.”

“ಓ, ಭದ್ರಾವತಿ ಅಜ್ಜನದಾ?” ಎಂದು ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು.

ನೀವು ಗಾಬರಿಯಾಗುವುದು ಬೇಡ. ಮೊದಲು ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ. ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಸಂಘಗಳ ಸಂಚಿಕೆ ಮುಂತಾದವನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವವಳು. ಗಾಂಧಿ ಬಜಾರಿನ ಕಾರ್ಡಿನ ಅಂಗಡಿಗಳಲ್ಲಿ ನನಗೆ ‘ಡಿಸೈನರ್ ಮೇಡಂ’ ಎಂಬ ಬಿರುದಿದೆ. ನಾನು ‘ಫ್ರೀಲಾನ್ಸರ್’ ಎಂದು ಹೇಳಿಕೊಳ್ಳುತ್ತೇನೆ. ನೆಂಟರು ಹಾಗೆಂದರೇನು ಎಂದು ಕೇಳಿದಾಗ ಅತ್ತೆ, “ಮನೇಲೇ ಇರ್ತಾಳೆ, ಆದ್ರೆ ಕರೆದ್ರೆ ಬರಲ್ಲ” ಎಂದು ವಿವರಿಸುತ್ತಾರೆ. ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ಇನ್ನೂ ಹೊಳೆದಿಲ್ಲ.

ಈ ಕಸುಬಿನಲ್ಲಿ ಒಂದು ದೊಡ್ಡ ಕೊರತೆಯಿದೆ. ಆಫೀಸಿನಲ್ಲಿ ಕೆಲಸ ಮಾಡುವವರಿಗೆ ತಪ್ಪನ್ನು ಹಂಚಿಕೊಳ್ಳಲು ಜನ ಇರುತ್ತಾರೆ. ಮೇಲಿನವರು ಸರಿಯಾಗಿ ಹೇಳಲಿಲ್ಲ, ಪಕ್ಕದ ಟೇಬಲ್ಲಿನವರು ರಜೆಯಲ್ಲಿದ್ದರು ಎಂದು ಏನಾದರೂ ಹೇಳಬಹುದು. ನನಗೆ ಮೇಲಿನವಳೂ ನಾನೇ, ಪಕ್ಕದ ಟೇಬಲ್ಲಿನವಳೂ ನಾನೇ. ಹಾಗಾಗಿ ತಪ್ಪು ಹೊರುವುದಕ್ಕೆಂದು ಬಹಳ ವರ್ಷ ಫಾಂಟನ್ನು ಇಟ್ಟುಕೊಂಡಿದ್ದೆ. ‘ಆರತಕ್ಷತೆ’ಯ ನಡುವಿನ ತ ಹಾರಿಹೋಗಿ ‘ಆರಕ್ಷತೆ’ ಎಂದಾಗಿ, ಮದುವೆ ಪೊಲೀಸ್ ಠಾಣೆಯಲ್ಲಿ ನಡೆಯುತ್ತದೆಯೇನೋ ಎನ್ನುವಂತೆ ಆದಾಗಲೂ, “ಫಾಂಟ್ ಪ್ರಾಬ್ಲಂ ಸಾರ್” ಎಂದಿದ್ದೆ. ಅವರು ಪಾಪ, “ಹೌದು ಮೇಡಂ, ಕನ್ನಡ ಫಾಂಟ್‌ಗಳೇ ಹಂಗೆ” ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು. ಫಾಂಟಿಗೆ ಬಾಯಿಲ್ಲ. ಇದ್ದಿದ್ದರೆ ನನ್ನ ಮೇಲೆ ಎಂದೋ ಕೇಸು ಹಾಕಿರುತ್ತಿತ್ತು.

ಇಂಥ ಜಾರಿಕೆಗೆ ನಮ್ಮ ಭಾಷೆಯೇ ಅನುಕೂಲ ಮಾಡಿಕೊಟ್ಟಿದೆ ಎಂಬುದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಹಾಳು ಮಾಡುತ್ತಿರಲಿಲ್ಲ. ಲೋಟ ಬೀಳುತ್ತಿತ್ತು, ಹಾಲು ಉಕ್ಕುತ್ತಿತ್ತು, ಅಂಗಿ ಹರಿಯುತ್ತಿತ್ತು, ಪೆನ್ನು ಕಳೆದುಹೋಗುತ್ತಿತ್ತು. ಎಲ್ಲ ತಮ್ಮಷ್ಟಕ್ಕೆ ತಾವೇ. ಆದರೆ ನನ್ನ ದುರದೃಷ್ಟಕ್ಕೆ ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆಯಲ್ಲೂ ವ್ಯಾಕರಣ ಬಿಡುತ್ತಿರಲಿಲ್ಲ.

ಒಮ್ಮೆ ಅಮ್ಮನ ಮಿಡಿ ಉಪ್ಪಿನಕಾಯಿಯ ಜಾಡಿಗೆ ಕೈಹಾಕಲು ಸ್ಟೂಲು ಹತ್ತಿದೆ. ಸ್ಟೂಲು ಅಲುಗಿತು, ಜಾಡಿ ಕೆಳಗೆ ಬಂತು. ನೆಲವೆಲ್ಲ ಖಾರದ ರಸ, ನನ್ನ ಹಳದಿ ಲಂಗವೂ ಕೆಂಪು. ಅಪ್ಪ ಬಾಗಿಲಲ್ಲಿ ನಿಂತು ಕೇಳಿದರು, “ಏನಾಯ್ತು?”

“ಜಾಡಿ ಒಡೀತು.”

“ಈ ವಾಕ್ಯದಲ್ಲಿ ಕರ್ತೃ ಯಾವುದು?”

“ಜಾಡಿ.”

ಅಪ್ಪ ತಲೆ ಕೆರೆದುಕೊಂಡರು. ವ್ಯಾಕರಣದ ಪ್ರಕಾರ ಉತ್ತರ ಸರಿಯಿತ್ತು. “ಸರಿ, ಕರ್ತೃ ಜಾಗದಲ್ಲಿ ಜಾಡಿ ತೆಗೆದು ‘ನಾನು’ ಅಂತ ಇಟ್ಕೊಂಡು ಹೇಳು.”

‘ನಾನು’ ಎಂದದ್ದು ಅಪ್ಪ. ಹಾಗಾಗಿ ನಾನು ವಿಧೇಯಳಾಗಿ, “ಅಪ್ಪ ಜಾಡಿ ಒಡೆದರು” ಎಂದೆ. ಹಿಂದೆ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರಿಂದ ಆ ದಿನ ಏಟು ತಪ್ಪಿತು. ಆದರೆ ಅವತ್ತಿನಿಂದ ನಾನು ‘ತಪ್ಪಾಯ್ತು’ ಎಂದು ಮುಖ ಬಾಡಿಸಿಕೊಂಡು ಬಂದಾಗಲೆಲ್ಲ ಅಪ್ಪನದು ಒಂದೇ ಪ್ರಶ್ನೆ: “ಆಯ್ತಾ, ಮಾಡಿದ್ಯಾ?” ಆ ಪ್ರಶ್ನೆಗೆ ಉತ್ತರಿಸುವುದು ನನಗೆ ನಲವತ್ತು ದಾಟುವವರೆಗೂ ಬರಲಿಲ್ಲ. ಬಂದದ್ದು ಭದ್ರಾವತಿಯಲ್ಲಿ.

ಈಗ ರುದ್ರಪ್ಪಜ್ಜನ ವಿಷಯಕ್ಕೆ ಬರುತ್ತೇನೆ. ಭದ್ರಾವತಿಯ ಚಂದ್ರಣ್ಣ ಎನ್ನುವವರು ಹಿರಿಮಗಳ ಮದುವೆಯ ಕಾರ್ಡು ಮಾಡಿಸಲು ಬಂದಿದ್ದರು. ಮಾತು ಕಡಿಮೆ, ಅಕ್ಷರ ಮುದ್ದು. ಒಂದು ಹಾಳೆಯಲ್ಲಿ ಎಲ್ಲವನ್ನೂ ತಪ್ಪಿಲ್ಲದೆ ಬರೆದು ತಂದಿದ್ದರು. ನಾನು ಮಾಡಿದ್ದು ಈ ಕಸುಬಿನ ಎಲ್ಲರೂ ಮಾಡುವ ಕೆಲಸ. ಲಗ್ನಪತ್ರಿಕೆಯನ್ನು ಮೊದಲಿನಿಂದ ಜೋಡಿಸುವವರು ಯಾರೂ ಇಲ್ಲ. ಹಿಂದಿನ ಮದುವೆಯ ಫೈಲು ತೆರೆದು ಹಳೆಯ ಹೆಸರಿನ ಜಾಗದಲ್ಲಿ ಹೊಸ ಹೆಸರು ಕೂರಿಸುತ್ತೇವೆ. ಆ ಹಿಂದಿನ ಕಾರ್ಡಿನ ಹುಡುಗಿಯ ಅಜ್ಜ ತೀರಿಕೊಂಡಿದ್ದವರು. ಅವರ ಹೆಸರನ್ನು ಅಳಿಸಿದೆ. ಹೆಸರಿನ ಮುಂದಿದ್ದ ದಿ ಮತ್ತು ಎರಡು ಗೀಟನ್ನು ಅಲ್ಲೇ ಬಿಟ್ಟೆ. ಹೀಗೆ, ದಿವ್ಯವಾಗಿದ್ದ ರುದ್ರಪ್ಪನವರು ದಿವಂಗತರಾದರು.

ಪ್ರೂಫು ನೋಡಿದ ಚಂದ್ರಣ್ಣ ಹಸಿರು ಪೆನ್ನಿನಲ್ಲಿ ಓಕೆ ಮಾಡಿದರು. ಮುಹೂರ್ತ, ಛತ್ರ, ಬೀಗರ ಹೆಸರು ಎಲ್ಲ ಎರಡೆರಡು ಸಲ ನೋಡಿದ್ದರಂತೆ. ಸ್ವಂತ ಅಪ್ಪನ ಹೆಸರನ್ನು ಯಾರು ತಿದ್ದಿ ನೋಡುತ್ತಾರೆ? ಕಾರ್ಡುಗಳು ಅಚ್ಚಾಗಿ ಭದ್ರಾವತಿ ಸೇರಿದವು.

ಮೂರನೆಯ ದಿನ ನಾನು ಕಾರ್ಡಿನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ‘ನಮ್ಮ ಹೊಸ ಕೆಲಸ’ ಎಂದು ಬೇರೆ ಬರೆದುಕೊಂಡೆ. ಆಮೇಲೆ ನನ್ನ ಕೈಚಳಕವನ್ನು ನಾನೇ ಸವಿಯೋಣವೆಂದು ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದಾಗ ಆ ಎರಡು ಗೀಟು ಕಣ್ಣಿಗೆ ಬಿದ್ದವು. ಚಂದ್ರಣ್ಣನ ಹಾಳೆ ತೆಗೆದು ನೋಡಿದರೆ ಅಲ್ಲಿ ದುಂಡಗೆ ‘ಶ್ರೀ’ ಎಂದಿದೆ. ಸ್ಟೇಟಸ್ಸನ್ನು ಅಳಿಸುವಷ್ಟರಲ್ಲಿ ಹನ್ನೊಂದು ಜನ ನೋಡಿಯಾಗಿತ್ತು. ನಾಲ್ಕು ಜನ ಹೃದಯದ ಚಿತ್ರವನ್ನೂ ಕಳಿಸಿದ್ದರು. ಒಬ್ಬರಿಗೂ ತಪ್ಪು ಕಂಡಿರಲಿಲ್ಲ.

ಇಲ್ಲಿ ನನ್ನ ಮನಸ್ಸಿನ ಗುಣವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಯಾರಿಗೂ ಕಂಡಿಲ್ಲ ಎಂದರೆ ಸುಮ್ಮನಿರಬಹುದಲ್ಲ ಎಂದೇ ಮೊದಲು ಅನ್ನಿಸಿತು. ಲಗ್ನಪತ್ರಿಕೆಯಲ್ಲಿ ಜನ ನೋಡುವುದು ಛತ್ರ ಯಾವುದು, ಊಟ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ. ಅರ್ಧ ದಿನ ಈ ಸಮಾಧಾನದಲ್ಲೇ ಕಳೆದೆ. ಆದರೆ ಚಂದ್ರಣ್ಣ ಬಂದಿದ್ದಾಗ ಆಡಿದ್ದ ಒಂದು ಮಾತು ಬಿಡದೆ ನೆನಪಾಗುತ್ತಿತ್ತು. “ನಮ್ಮಪ್ಪ ಪೇಪರ್ನೂ ಅಕ್ಷರ ಅಕ್ಷರ ಓದ್ತಾರೆ ಮೇಡಂ. ತಪ್ಪಿದ್ರೆ ಪೆನ್ಸಿಲಲ್ಲಿ ಗೆರೆ ಹಾಕಿಡ್ತಾರೆ” ಎಂದಿದ್ದರು.

ಚಂದ್ರಣ್ಣನಿಗೆ ಫೋನು ಮಾಡಿದೆ. ಅವರು ಹೆಂಡತಿಯ ಜೊತೆ ಹರಿಹರದಲ್ಲಿ ನೆಂಟರಿಗೆ ಕಾರ್ಡು ಹಂಚುತ್ತಿದ್ದರು. “ಕಾರ್ಡು ಸೂಪರ್ ಆಗಿದೆ ಅಂತ ಎಲ್ಲಾರೂ ಅಂದ್ರು ಮೇಡಂ! ಉಳಿದಿದ್ದೆಲ್ಲ ಮನೇಲಿ ಅಪ್ಪನ ಹತ್ರ ಇದೆ” ಎಂದರು. ಅಷ್ಟು ಖುಷಿಯ ದನಿಗೆ ನಾನು ಏನು ಹೇಳಲಿ? “ಒಂದು ಸಣ್ಣ ವಿಷಯ...” ಎನ್ನುವಷ್ಟರಲ್ಲಿ ಅವರ ಬಸ್ಸು ಬಂತು. ಫೋನು ಕಟ್ಟಾಯಿತು. ಇಲ್ಲೂ ನೋಡಿ, ಕಟ್ಟಾಯಿತು ಎನ್ನುತ್ತಿದ್ದೇನೆ. ನಿಜವಾಗಿ ನಾನೇ ಕಟ್ ಮಾಡಿದೆ.

ಮಾರನೆಯ ಬೆಳಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಎರಡು ಹಾಳೆ ಇಟ್ಟುಕೊಂಡಿದ್ದೆ. ಒಂದು, ಚಂದ್ರಣ್ಣ ಕೈಯಾರೆ ಬರೆದುಕೊಟ್ಟದ್ದು. ಇನ್ನೊಂದು, ಹಸಿರು ಓಕೆ ಇರುವ ಪ್ರೂಫು. ಮೊದಲನೆಯದು ತಪ್ಪು ನನ್ನದೆಂದು ಹೇಳುವ ಹಾಳೆ. ಎರಡನೆಯದು ನನ್ನನ್ನು ಕಾಪಾಡುವ ಹಾಳೆ. ‘ನಿಮ್ಮ ಮಗನೇ ನೋಡಿ ಸಹಿ ಹಾಕಿದ್ದಾರಲ್ಲ ಅಜ್ಜ’ ಎಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ. ದಾರಿಯುದ್ದಕ್ಕೂ ಇನ್ನೂ ಏನೇನೋ ಯೋಚಿಸಿದೆ. ‘ದಿ’ ಎಂದರೆ ದಿನಾಂಕವೂ ಆಗುತ್ತದಲ್ಲ, ಹಾಗೇನಾದರೂ ಹೇಳಬಹುದೇ? ‘ದಿನಾಂಕ ರುದ್ರಪ್ಪನವರ ಮೊಮ್ಮಗಳು’ ಎಂದು ಒಮ್ಮೆ ಹೇಳಿಕೊಂಡೆ. ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿ ಸ್ವಲ್ಪ ಆಚೆ ಸರಿದಳು. ಬಸ್ಸು ಸೇತುವೆ ದಾಟುವ ಹೊತ್ತಿಗೆ ಪ್ರೂಫೇ ಗಟ್ಟಿ ಎಂದು ತೀರ್ಮಾನಿಸಿ ಅದನ್ನು ಬ್ಯಾಗಿನಲ್ಲಿ ಮೇಲಕ್ಕೆ ಇಟ್ಟುಕೊಂಡೆ.

ಓಲ್ಡ್ ಟೌನಿನಲ್ಲಿ ಮನೆ. ಜಗಲಿಯ ಮೇಲೆ ಎಂಬತ್ತು ದಾಟಿದ ಅಜ್ಜ ಒಬ್ಬರು ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಕಾರ್ಡಿನ ರಾಶಿ. ಮುಂದೆ ಬಟ್ಟಲಲ್ಲಿ ಕಲಸಿದ ಅರಿಶಿನ. ಒಂದೊಂದೇ ಕಾರ್ಡು ತೆಗೆದು, ನಾಲ್ಕೂ ಮೂಲೆಗೆ ಬೆರಳಿನಿಂದ ಅರಿಶಿನ ಹಚ್ಚಿ, ಆರಲು ಸಾಲಾಗಿ ಇಡುತ್ತಿದ್ದರು. ನಾನು ಯಾರೆಂದು ಹೇಳಿದೆ.

“ಬಾರವ್ವ, ಕೂತ್ಕೋ. ಕಾರ್ಡು ಚೆನ್ನಾಗ್ ಮಾಡಿದ್ದೀಯ. ಮನೇಲಿ ಯಾರೂ ಇಲ್ಲ, ಸೀರೆ ತರೋಕೆ ಹೋಗಿದ್ದಾರೆ.”

“ಅಜ್ಜ, ಕಾರ್ಡಲ್ಲಿ ಒಂದು ತಪ್ಪಾಗಿದೆ.”

ಅವರು ತಲೆ ಎತ್ತಲಿಲ್ಲ. ಬೆರಳು ಮೂರನೆಯ ಮೂಲೆಯಲ್ಲಿತ್ತು. ನನಗೆ ಎಲ್ಲಿಂದಲೋ ಅಪ್ಪನ ದನಿ ಕೇಳಿಸಿತು: ಆಯ್ತಾ, ಮಾಡಿದ್ಯಾ?

“ಆಗಿದ್ದಲ್ಲ ಅಜ್ಜ. ನಾನು ಮಾಡಿದ್ದೀನಿ. ನಿಮ್ಮ ಹೆಸರಿನ ಮುಂದೆ...”

“ದಿ ಹಾಕಿದ್ದೀಯ” ಎಂದರು ಅಜ್ಜ, ನಾಲ್ಕನೆಯ ಮೂಲೆಗೆ ಅರಿಶಿನ ಹಚ್ಚುತ್ತ.

“ನೋಡಿದ್ರಾ?”

“ಕಾರ್ಡು ಬಂದ್ ದಿನಾನೇ ನೋಡ್ದೆ.”

“ಮತ್ತೆ ಯಾರಿಗೂ ಹೇಳಲಿಲ್ವಾ?”

ಅಜ್ಜ ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. “ಬರ್ದು ಕೊಟ್ಟೋನು ನನ್ ಮಗ ಅಲ್ವಾ. ಅವನೇ ಕೈತಪ್ಪಿ ಬರ್ದಿದ್ನೇನೋ ಅಂದ್ಕಂಡೆ. ಮದುವೆ ಮನೇಲಿ, ‘ಏನೋ, ನಾನ್ ಯಾವಾಗ್ ಸತ್ತೆ?’ ಅಂತ ಕೇಳಿದ್ರೆ ಅವ್ನು ಊಟ ಬಿಡ್ತಾನೆ. ಅದ್ಕೆ ಸುಮ್ನಾದೆ.” ಇನ್ನೊಂದು ಕಾರ್ಡು ಕೈಗೆತ್ತಿಕೊಂಡು ಅಂದರು, “ಈ ಸಲ ಕಾರ್ಡು ಹಂಚೋಕೂ ಬೇಡ ಅಂದ, ‘ಮಂಡಿ ನೋವು, ನೀನ್ ಮನೇಲಿ ಕೂತು ಅರಿಶಿನ ಹಚ್ಚಪ್ಪ’ ಅಂತ. ಓಡಾಡೋರ ಲೆಕ್ಕದಿಂದ ತೆಗ್ದಿದ್ದಾಯ್ತು, ಇರೋರ ಲೆಕ್ಕದಿಂದಾನೂ ತೆಗ್ದ್‌ಬಿಟ್ರಾ ಅನ್ನಿಸ್ತು. ಅಷ್ಟೇ ಕಣವ್ವ.”

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಆ ಮನುಷ್ಯ ಮೂರು ದಿನದಿಂದ, ತಾನು ಸತ್ತಿದ್ದೇನೆ ಎಂದು ಹೇಳುವ ಕಾರ್ಡುಗಳಿಗೆ ಒಂದೊಂದಾಗಿ ಅರಿಶಿನ ಹಚ್ಚುತ್ತ ಕುಳಿತಿದ್ದರು. ಬ್ಯಾಗಿನೊಳಗೆ ನನ್ನ ಕೈ ಮೇಲಿದ್ದ ಪ್ರೂಫಿಗೆ ತಾಗಿತು. ಅದನ್ನು ತೋರಿಸಿದರೆ ನಾನು ಬಚಾವ್, ಅವರು ಮಾತ್ರ ತಮ್ಮ ಮಗನ ಸಹಿಯನ್ನು ಆ ಎರಡು ಗೀಟಿನ ಕೆಳಗೆ ಓದಬೇಕು. ಪ್ರೂಫನ್ನು ಪಕ್ಕಕ್ಕೆ ಸರಿಸಿ ಕೆಳಗಿದ್ದ ಹಾಳೆಯನ್ನು ತೆಗೆದುಕೊಟ್ಟೆ.

“ನೋಡಿ ಅಜ್ಜ, ನಿಮ್ಮ ಮಗ ಬರೆದುಕೊಟ್ಟಿದ್ದು ಇದು.”

ಅಜ್ಜ ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ಓದಿದರು. “ನಮ್ಮ ಪೂಜ್ಯ ತಂದೆಯವರಾದ ಶ್ರೀ ರುದ್ರಪ್ಪನವರ ಮೊಮ್ಮಗಳು...” ಮತ್ತೆ ಮೊದಲಿನಿಂದ ಓದಿದರು. “ಪೂಜ್ಯ ಅಂತ ಬರ್ದಿದ್ದಾನಾ?”

“ಹೂಂ ಅಜ್ಜ. ಅದನ್ನೂ ನಾನೇ ತೆಗೆದೆ. ಸಾಲು ಉದ್ದ ಆಗ್ತಿತ್ತು.”

“ಪೂಜ್ಯ ತೆಗ್ದು ದಿ ಹಾಕಿದ್ಯಾ? ಭಾರಿ ಇದ್ದೀಯ ಮಾರಾಯ್ತಿ!” ಎಂದು ಅಜ್ಜ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ವಾಪಸು ಕೇಳುವ ಧೈರ್ಯ ನನಗೆ ಬರಲಿಲ್ಲ, ಕೇಳಬೇಕು ಎಂದೂ ಅನ್ನಿಸಲಿಲ್ಲ.

ಶುಕ್ರವಾರದೊಳಗೆ ಹೊಸ ಕಾರ್ಡು ಅಚ್ಚು ಹಾಕಿಸಿ ತರುತ್ತೇನೆ ಎಂದೆ. “ತಗೊಂಡ್ ಬಾ, ದೂರದೋರಿಗೆ ಬೇಕು. ಊರೋರಿಗೆ ಇದೇ ಸಾಕು. ಆದ್ರೆ ಇದನ್ನ ನಾನೇ ಹೋಗಿ ಕೊಡ್ಬೇಕು. ಬೇರೆಯೋರು ಕೊಟ್ರೆ ಜನ ನಂಬ್‌ಬಿಡ್ತಾರೆ” ಎಂದು ಅಜ್ಜ ಕೋಲು ಹಿಡಿದು ಎದ್ದೇಬಿಟ್ಟರು. “ನೀನೂ ಬಾ. ನಾನೊಬ್ನೇ ಹೋದ್ರೆ ಜನ ನನ್ ಮಗನ್ನ ಆಡ್ಕೊಳ್ತಾರೆ. ತಪ್ಪು ಯಾರ್ದು ಅಂತ ನೀನೇ ಹೇಳ್ಬೇಕು.”

ಹೀಗೆ ಒಂದು ಆಟೋದಲ್ಲಿ ದಿವಂಗತರೂ ನಾನೂ ಹೊರಟೆವು. ಅವತ್ತು ಒಂಬತ್ತು ಮನೆಗೆ ಹೋದೆವು. ಮೊದಲ ಮನೆಯಲ್ಲಿ, “ಅದು... ಏನಂದ್ರೆ... ತಪ್ಪು ನಂದು” ಎಂದು ಹೇಳಿ ಮುಗಿಸುವಷ್ಟರಲ್ಲಿ ಎರಡು ಲೋಟ ನೀರು ಕುಡಿದೆ. ಮೂರನೆಯ ಮನೆಯಲ್ಲಿ ಒಂದೇ ಉಸಿರಿಗೆ ಹೇಳಿದೆ. ಐದನೆಯ ಮನೆಯ ಹೊತ್ತಿಗೆ ಕಥೆಗೆ ಕೈಸನ್ನೆ, ಬಾಯಿಸನ್ನೆ ಎಲ್ಲ ಸೇರಿಕೊಂಡಿದ್ದವು. ಅಜ್ಜ ಕುಂಕುಮ ಕೊಟ್ಟು, ಕಾರ್ಡು ಕೈಗಿತ್ತು, ಮನೆಯವರು ಐದನೆಯ ಸಾಲಿಗೆ ಬರುವವರೆಗೂ ಗಂಭೀರವಾಗಿ ಕಾಯುತ್ತಿದ್ದರು. ಅವರ ಹುಬ್ಬು ಮೇಲೇರಿದ ಕೂಡಲೇ, “ಈಗ ನೀನ್ ಹೇಳವ್ವ” ಎಂದು ನನ್ನ ಕಡೆ ತಿರುಗುತ್ತಿದ್ದರು.

ವಿಚಿತ್ರವೆಂದರೆ ನಾನು ನನ್ನ ತಪ್ಪು ಹೇಳಿದ ಕೂಡಲೇ ಎಲ್ಲರೂ ತಮ್ಮ ತಮ್ಮ ತಪ್ಪುಗಳನ್ನು ಅಟ್ಟದಿಂದ ಇಳಿಸಿ ತೋರಿಸತೊಡಗಿದರು. ನ್ಯೂ ಟೌನಿನ ಸೆಲ್ವರಾಜ್ ಎಂಬವರು ಅಜ್ಜನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಾರ್ಡು ಓದಿ, “ಐಯೋ ಅಣ್ಣಾ, ಏನಣ್ಣಾ ಇದು, ನೀನಿಲ್ಲಾಂತ ಕಾರ್ಡು ಹೇಳ್ತೈತೆ, ನೀನೇ ಬಂದು ಕೊಡ್ತಿದ್ಯಾ!” ಎಂದು ಅಜ್ಜನ ಕೈ ಮುಟ್ಟಿ ನೋಡಿದರು. ನಾನು ತಪ್ಪೊಪ್ಪಿಕೊಂಡೆ. “ಪರ್ವಾಗಿಲ್ಲ ಬಿಡಮ್ಮಾ. ನನ್ ಮದ್ವೆ ಕಾರ್ಡಲ್ಲಿ ನನ್ ಬದ್ಲು ನಮ್ಮಣ್ಣನ ಹೆಸ್ರು ಹಾಕ್‌ಬಿಟ್ಟಿದ್ದೆ. ಬರ್ದು ಕೊಟ್ಟಿದ್ದು ನಾನೇ! ಪುಣ್ಯಕ್ಕೆ ಇವ್ಳು ಮಾತ್ರ ನನ್ನೇ ಕಟ್ಕೊಂಡ್ಳು” ಎಂದರು. ಒಳಗಿನಿಂದ ಅವರ ಹೆಂಡತಿ, “ತಪ್ಪಾಯ್ತು” ಎಂದರು.

ವಾಪಸು ಬರುವಾಗ ಆಟೋದಲ್ಲಿ ಅಜ್ಜನ ಫೋನು ಬಡಿದುಕೊಂಡಿತು. ಹರಿಹರದ ಗಿರಿಜಕ್ಕ ಎಂಬ ನೆಂಟರು. ಕಾರ್ಡು ಈಗ ಓದಿ, ಮನೆಯವರು ಯಾರಾದರೂ ಎತ್ತಿಯಾರು ಎಂದು ಫೋನು ಮಾಡಿದ್ದಾರೆ. ಪಕ್ಕದಲ್ಲಿ ಕುಳಿತ ನನಗೂ ಕೇಳುವಷ್ಟು ದೊಡ್ಡ ದನಿ: “ರುದ್ರಪ್ಪ ಹೋಗಿದ್ದು ನಮಗೊಂದು ಮಾತು ತಿಳಿಸ್ಲಿಲ್ವಲ್ಲ, ನಾವೇನ್ ಬೇರೆಯೋರಾ?”

“ಅಕ್ಕ, ನಾನು ರುದ್ರಪ್ಪನೇ ಮಾತಾಡ್ತಿರೋದು.”

“ಯಾವ್ ರುದ್ರಪ್ಪ?”

ಅಜ್ಜ ಫೋನನ್ನು ನನ್ನ ಕೈಗಿಟ್ಟರು. “ತಗೋ, ಇದು ನಿಂಗ್ ಬಂದ ಫೋನು.”

ಸಂಜೆ ಚಂದ್ರಣ್ಣ ಸಿಕ್ಕಿದರು. ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡಲು ಬಂದವರು, ದಾರಿಯಲ್ಲಿ ತಡೆದು ತಡೆದು ಕೇಳಿದರು, “ಪ್ರೂಫು ಅಪ್ಪಂಗೆ ತೋರಿಸಿದ್ರಾ ಮೇಡಂ?”

“ಇಲ್ಲ.”

“ಅದ್ರಲ್ಲಿ ನನ್ ಓಕೆ ಇತ್ತಲ್ಲ.”

“ಇತ್ತು. ಆದ್ರೆ ದಿ ಹಾಕಿದ್ದು ನಾನು.”

ಅವರು ನಿಲ್ದಾಣದ ಮುಂದೆ ನಿಂತರು. “ಮನೆಗ್ ಹೋಗಿ ಅಪ್ಪಂಗೆ ನಾನೇ ಹೇಳ್ತೀನಿ” ಎಂದರು. ಹೇಳಿದರಂತೆ. ಅಜ್ಜ ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಪೂಜ್ಯ ಎಂಬ ಪದದ ಮೇಲೆ ಬೆರಳಿಟ್ಟು, “ಇದು ನಿಂದು ತಾನೇ? ಹಂಗಾದ್ರೆ ಊಟಕ್ಕೆ ಏಳು” ಎಂದರಂತೆ. ಉಳಿದ ಕಾರ್ಡುಗಳನ್ನು ಮರುದಿನದಿಂದ ಅಪ್ಪ ಮಗ ಇಬ್ಬರೂ ಒಟ್ಟಿಗೇ ಹೋಗಿ ಹಂಚಿದರು. ಮದುವೆಯಲ್ಲಿ ಅಜ್ಜ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಬಂದವರೆಲ್ಲ ಮದುಮಕ್ಕಳಿಗಿಂತ ಮೊದಲು ಅವರನ್ನು ಮುಟ್ಟಿ ನೋಡಿ ಒಳಗೆ ಹೋಗುತ್ತಿದ್ದರು.

ಅವತ್ತಿನಿಂದ ಫಾಂಟಿನ ಮೇಲೆ ನಾನು ತಪ್ಪು ಹೊರಿಸಿಲ್ಲ ಎಂದರೆ ನೀವು ನಂಬುವುದೂ ಬೇಡ. ಒಂದೆರಡು ಸಲ ಹೊರಿಸಿದ್ದೇನೆ. ಆದರೆ ಹೊರಿಸಿದ ಮೇಲೆ ಹತ್ತು ನಿಮಿಷದಲ್ಲಿ ನಾನೇ ವಾಪಸು ಫೋನು ಮಾಡಿ, “ಫಾಂಟ್ ಅಲ್ಲ ಸಾರ್, ನಾನು” ಎಂದು ಹೇಳುತ್ತೇನೆ. ಅಪ್ಪನಿಗೆ ಇದನ್ನು ಹೇಳಿದಾಗ, “ಪರ್ವಾಗಿಲ್ಲ, ಕರ್ತೃ ತಡವಾಗಿ ಬಂದ್ರೂ ವಾಕ್ಯ ಸರಿಯಾಗತ್ತೆ” ಎಂದು ಪಾಸು ಮಾಡಿದರು.

ಕಳೆದ ತಿಂಗಳು ಚಂದ್ರಣ್ಣ ಮತ್ತೆ ಬಂದಿದ್ದರು. ಮಗಳಿಗೆ ಹೆಣ್ಣುಮಗುವಾಗಿದೆ, ನಾಮಕರಣದ ಕಾರ್ಡು ಬೇಕು. ಈ ಸಲ ಹಳೆಯ ಫೈಲು ತೆರೆಯಲಿಲ್ಲ. ಖಾಲಿ ಪುಟದಿಂದಲೇ ಜೋಡಿಸಿದೆ. ‘ನಮ್ಮ ಪೂಜ್ಯ ತಂದೆಯವರಾದ ಶ್ರೀ ರುದ್ರಪ್ಪನವರ ಮರಿಮೊಮ್ಮಗಳು’ ಎಂಬುದು ಎರಡು ಸಾಲು ಆಯಿತು, ಕಾರ್ಡಿನ ಅಂದ ಕೆಟ್ಟಿತು, ಕೆಡಲಿ ಎಂದು ಬಿಟ್ಟೆ. ಪ್ರೂಫನ್ನು ಫೋನಿಗೆ ಕಳಿಸಿದರೆ ಒಪ್ಪಲಿಲ್ಲ. ಅಜ್ಜನಿಗೆ ಕಾಗದದ ಮೇಲೆಯೇ ಬೇಕಂತೆ. ಪ್ರಿಂಟ್ ತೆಗೆದುಕೊಟ್ಟೆ.

ಎರಡು ದಿನ ಬಿಟ್ಟು ಚಂದ್ರಣ್ಣ ಅದನ್ನು ವಾಪಸು ತಂದರು. ಒಂದು ಮೂಲೆಯಲ್ಲಿ ಅರಿಶಿನದ ಬೆರಳಚ್ಚು. ಕೆಳಗೆ ಹಸಿರು ಇಂಕಿನ ಓಕೆ. ಮಧ್ಯದಲ್ಲಿ, ‘ಶ್ರೀ’ ಅಕ್ಷರದ ಸುತ್ತ ಪೆನ್ಸಿಲಿನಲ್ಲಿ ಒಂದು ದುಂಡು ಗೆರೆ. ಅದರ ಪಕ್ಕ, ಅಂಚಿನಲ್ಲಿ, ಅದೇ ಪೆನ್ಸಿಲಿನಲ್ಲಿ ಎರಡು ಪದ:

‘ಸದ್ಯಕ್ಕೆ ಇರಲಿ.’